ಇಬ್ಬನಿಯ ಮೇಲಿನ ಜಾಡು

"ಬುದ್ಧಿ, ಕೇಡು ಬರುವ ಮೊದಲೇ ಎಚ್ಚರವಾಗಿರುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಬೆಳಗಿನ ಪೂಜೆ ಆಗಷ್ಟೇ ಮುಗಿದಿತ್ತು. ಶಿಷ್ಯ ಮಠದ ಹಿತ್ತಲಿನಿಂದ ನೇರವಾಗಿ ಗುರುಗಳ ಬಳಿಗೆ ಬಂದಿದ್ದ. ಹಿತ್ತಲಲ್ಲಿ ಹೊಸ ಅಡುಗೆಯವನ ಗುಡಿಸಲಿತ್ತು. ಅವನು ಮಾಟ ಬಲ್ಲವನೆಂದು ಯಾರೋ ಹೇಳಿದ್ದರು. ಅವನು ಬಂದ ಮೇಲೆ ಶಿಷ್ಯನಿಗೆ ಎರಡು ಸಲ ಜ್ವರ ಬಂದಿತ್ತು.

"ಅವನನ್ನು ಕಳಿಸಿಬಿಡಿ, ಬುದ್ಧಿ. ಇವತ್ತು ಅವನ ಗುಡಿಸಲ ಸುತ್ತ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಯಾರೋ ತಿರುಗಾಡಿದ ಗುರುತು ಬಿದ್ದಿದೆ. ನಾನೇ ಕಣ್ಣಾರೆ ಕಂಡೆ," ಎಂದ.

"ಕೂತುಕೋಪ್ಪಾ," ಎಂದು ಗುರುಗಳು ಕತೆ ಶುರುಮಾಡಿದರು.

ಬಡಗಲ ದಿಕ್ಕಿನಲ್ಲಿ, ಬಹಳ ದೂರ, ಲಿಥುವೇನಿಯಾ ಎಂಬ ದೇಶವಿದೆ. ಅಲ್ಲಿ ಚಳಿಯದೇ ರಾಜ್ಯಭಾರ. ಬೇಸಿಗೆ ಬಂದರೆ ಜನ ಹಿಗ್ಗುತ್ತಾರೆ. ಹಗಲು ಎಲ್ಲಕ್ಕಿಂತ ಉದ್ದವಾಗುವ ಹೊತ್ತಿಗೆ ಅವರಿಗೆ ಹಬ್ಬ. ಗುಡ್ಡದ ಮೇಲೆ ಬೆಂಕಿ ಹಾಕಿ ಅದನ್ನು ಹಾರಿ ದಾಟುತ್ತಾರೆ. ಹೆಣ್ಣುಮಕ್ಕಳು ಕಾಡುಹೂವಿನ ದಂಡೆ ಕಟ್ಟಿ ಹೊಳೆಯಲ್ಲಿ ತೇಲಿಬಿಡುತ್ತಾರೆ. ಮಾರನೆಯ ಬೆಳಗ್ಗೆ ಎಲ್ಲರೂ ಇಬ್ಬನಿಯಲ್ಲಿ ಮುಖ ತೊಳೆಯುತ್ತಾರೆ. ಹಾಗೆ ತೊಳೆದರೆ ಮುಖಕ್ಕೆ ಕಳೆ ಬರುತ್ತದಂತೆ.

ಆ ಇಬ್ಬನಿಯ ಭಯವೂ ಅವರಿಗುಂಟು. ಅವತ್ತು ಸೂರ್ಯ ಹುಟ್ಟುವ ಮೊದಲು ಮಾಟಗಾತಿ ಬರುತ್ತಾಳೆ, ನೆರೆಯವರ ಹುಲ್ಲುಗಾವಲಿನ ಮೇಲೆ ಬಟ್ಟೆ ಎಳೆದುಕೊಂಡು ಹೋಗುತ್ತಾಳೆ, ಬಟ್ಟೆ ಹೀರಿದ ಇಬ್ಬನಿಯನ್ನು ಹಿಂಡಿ ತನ್ನ ಹಸುವಿಗೆ ಕುಡಿಸುತ್ತಾಳೆ ಎಂದು ನಂಬುತ್ತಾರೆ. ಆಮೇಲೆ ನೆರೆಯವರ ಹಸು ಬತ್ತುತ್ತದೆ, ಅವಳ ಹಸು ಕೊಡಗಟ್ಟಲೆ ಕರೆಯುತ್ತದೆ. ಅದಕ್ಕೇ ಕೊಟ್ಟಿಗೆಯ ಬಾಗಿಲಿಗೆ ತುರಚಿ ಸೊಪ್ಪು ಕಟ್ಟುತ್ತಾರೆ. ಮಾಟಗಾತಿಯಾದರೇನು, ಮೈ ತುರಿಸಿದರೆ ಅವಳೂ ಓಡಬೇಕಲ್ಲ.

ಅಲ್ಲಿ ಮೊರ್ತಾ ಎಂಬ ಹೆಂಗಸಿದ್ದಳು. ಅವಳಿಗೆ ಎದೆಹಾಲು ನಿಂತುಹೋಗಿತ್ತು. ಐದು ತಿಂಗಳ ಕೂಸು ಮನೆಯ ಒಂದೇ ಹಸುವಿನ ಹಾಲಿನ ಮೇಲೆ ಬದುಕಿತ್ತು. ಆ ವರ್ಷ ಹಸು ದಿನದಿನಕ್ಕೆ ಕಡಿಮೆ ಕರೆಯತೊಡಗಿತು. ಹಸುವಿಗೆ ವಯಸ್ಸಾಗಿತ್ತು, ಅಷ್ಟೆ. ಆದರೆ ಬೇಲಿಯಾಚೆ ಉರ್ಶುಲೆ ಎಂಬ ವಿಧವೆಯಿದ್ದಳು, ಅವಳ ಹಸುವಿನ ಕೆಚ್ಚಲು ತುಂಬಿರುತ್ತಿತ್ತು. ಕಂಡಾಗಲೆಲ್ಲ ಅವಳು, "ಕೂಸಿಗೆ ಹಾಲು ಸಾಲುತ್ತದೇನೇ, ಮೊರ್ತಾ?" ಎಂದು ಕೇಳುತ್ತಿದ್ದಳು. ಮೊದಮೊದಲು ಅದು ಅಕ್ಕರೆಯ ಮಾತಾಗಿ ಕೇಳಿಸಿತು. ಹಾಲು ಇಳಿಯುತ್ತ ಬಂದಂತೆ ಅದೇ ಮಾತು ಕೇಳಿದರೆ ಮೊರ್ತಾ ಕೂಸನ್ನು ಎತ್ತಿಕೊಂಡು ಒಳಗೆ ಹೋಗತೊಡಗಿದಳು.

ಹಬ್ಬದ ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವಳು ಎದ್ದಳು. ಗಂಡನೂ ಊರವರೂ ಇನ್ನೂ ಗುಡ್ಡದ ಮೇಲಿದ್ದರು. ಕೂಸು ಮಲಗಿತ್ತು. ಚಳಿಗೆ ದೊಡ್ಡ ಕಂಬಳಿ ಹೊದ್ದು ತನ್ನ ಹುಲ್ಲುಗಾವಲಿಗೆ ಇಳಿದಳು. ಮಂಜು ಕವಿದಿತ್ತು. ಉರ್ಶುಲೆಯ ಬೇಲಿಯವರೆಗೆ ನಡೆದು, ನಿಂತು, ಆ ಮನೆಯ ಬಾಗಿಲನ್ನೇ ನೋಡಿದಳು. ಅದು ತೆರೆಯಲಿಲ್ಲ. ತೆರೆಯದಿದ್ದದ್ದೇ ಅವಳನ್ನು ಇನ್ನಷ್ಟು ಹೆದರಿಸಿತು. ಆಗಲೇ ಹೊರಗೆ ಬಂದುಬಿಟ್ಟಿದ್ದಾಳೋ, ನನ್ನ ಬೆನ್ನ ಹಿಂದೆಯೇ ಇದ್ದಾಳೋ ಎಂದುಕೊಂಡಳು. ತಿರುಗಿ ಮನೆಯತ್ತ ಓಡಿದಳು. ಓಡುತ್ತಿದ್ದಂತೆ ಹಿಂದೆ ಹುಲ್ಲಿನ ಮೇಲೆ ಏನೋ ಸರಸರನೆ ಹರಿದು ಬರುವ ಸದ್ದು ಕೇಳಿಸಿತು. ನಿಂತರೆ ಅದೂ ನಿಲ್ಲುತ್ತಿತ್ತು.

ಸೂರ್ಯ ಮೂಡಿದ. ಜನ ಗುಡ್ಡ ಇಳಿದು ಮುಖ ತೊಳೆಯಲು ಬಂದರು. ಬೆಳ್ಳಗಿನ ಇಬ್ಬನಿಯ ನಡುವೆ ಅಗಲವಾದ ಹಸಿರು ಜಾಡೊಂದು ಬಿದ್ದಿತ್ತು. ಯಾರೋ ಬಟ್ಟೆ ಎಳೆದುಕೊಂಡು ಹೋಗಿದ್ದರು. ಎಲ್ಲರಿಗಿಂತ ಮೊದಲು ಕಿರುಚಿದವಳು ಮೊರ್ತಾ. ಅವಳು ನಟಿಸಲಿಲ್ಲ. ನಿಜವಾಗಿಯೂ ಹೆದರಿದಳು.

ಜಾಡಿಗೆ ಎರಡು ತುದಿಗಳಿದ್ದವು. ಊರವರು ಉರ್ಶುಲೆಯ ಬೇಲಿ ಕಡೆಯ ತುದಿ ಹಿಡಿದು ನಡೆದರು. ಜೊತೆಗೆ ನಡೆಯುತ್ತಿದ್ದ ಮೊರ್ತಾಳ ಹಿಮ್ಮಡಿಗೆ ತಣ್ಣನೆಯದೇನೋ ಬಡಿಯಿತು. ಬಗ್ಗಿ ನೋಡಿದಳು. ಹೊದ್ದ ಕಂಬಳಿಯ ಅಂಚು ನೆಲಕ್ಕೆ ಬಿದ್ದಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಅವಳಿಗೆ ಎಲ್ಲ ತಿಳಿಯಿತು. ಸದ್ದಿಲ್ಲದೆ ಅಂಚನ್ನು ಎತ್ತಿ ಕಂಕುಳಲ್ಲಿ ಮುಚ್ಚಿಟ್ಟುಕೊಂಡಳು.

ಅಷ್ಟರಲ್ಲಿ ಉರ್ಶುಲೆ ಕೊಟ್ಟಿಗೆಯಿಂದ ಹೊರಗೆ ಬಂದಳು. ಕೈಯಲ್ಲಿ ಹಾಲಿನ ತಂಬಿಗೆಯಿತ್ತು. "ನೀವೇ ಬಂದದ್ದು ಒಳ್ಳೇದಾಯ್ತು. ಮೊರ್ತಾಳ ಕೂಸಿಗೆ ಅಂತ ಕರೆದೆ," ಎಂದಳು.

"ಯಾರ ಹಸುವಿನ ಹಾಲು ಅದು?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ.

ಉರ್ಶುಲೆಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಂಬಿಗೆಯನ್ನು ಎದೆಗವುಚಿಕೊಂಡಳು. ಮೊರ್ತಾಳ ಕಡೆ ತಿರುಗಿ, "ನೀನಾದರೂ ಹೇಳೇ," ಎಂದಳು. ಮೊರ್ತಾ ಬಾಯಿ ತೆರೆದಳು. ಹೇಳಿದರೆ ಮಾಟಗಾತಿ ತಾನಾಗುತ್ತಾಳೆ, ಆಮೇಲೆ ಕೂಸಿನ ಗತಿಯೇನು? ತೆರೆದ ಬಾಯಿ ಮುಚ್ಚಿಕೊಂಡಳು.

ಹಾಲನ್ನು ನೆಲಕ್ಕೆ ಸುರಿದರು. ಮಧ್ಯಾಹ್ನದೊಳಗೆ ಉರ್ಶುಲೆ ತನ್ನ ಹಸು ಹೊಡೆದುಕೊಂಡು ಊರು ಬಿಟ್ಟಳು.

ಚಳಿಗಾಲಕ್ಕೆ ಮೊರ್ತಾಳ ಹಸು ಪೂರ್ತಿ ಬತ್ತಿತು. ಕೂಸಿಗೆ ಹಾಲು ಸಾಲುತ್ತದೆಯೇ ಎಂದು ಕೇಳಲು ಬೇಲಿಯಾಚೆ ಯಾರೂ ಇರಲಿಲ್ಲ. ಮೊರ್ತಾ ಹಾಲಿಗಾಗಿ ಮನೆಮನೆಯ ಬಾಗಿಲು ತಟ್ಟಿದಳು. ಅವಳ ಕಣ್ಣು ಬಿದ್ದರೆ ತಮ್ಮ ಹಸುವಿಗೆ ಏನಾಗುತ್ತದೋ ಎಂದು ಒಬ್ಬರೂ ಬಾಗಿಲು ತೆರೆಯಲಿಲ್ಲ. ಆ ಕೂಸು ಏನಾಯಿತೆಂದು ನನ್ನನ್ನು ಕೇಳಬೇಡ.

ಮರುವರ್ಷವೂ ಹಬ್ಬ ಬಂತು. ಗುಡ್ಡಕ್ಕೆ ಯಾರೂ ಹೋಗಲಿಲ್ಲ. ಮನೆಗೊಬ್ಬರು ಮಬ್ಬುಗತ್ತಲಲ್ಲಿ ಕಾವಲಿಗೆ ಇಳಿದರು. ಬೆಳಗಾದಾಗ ಹುಲ್ಲುಗಾವಲುಗಳ ತುಂಬ ಜಾಡುಗಳೇ. ಮುಖ ತೊಳೆಯಲು ಇಬ್ಬನಿ ಉಳಿದಿರಲಿಲ್ಲ. ಯಾರ ಮುಖ ಯಾರೂ ನೋಡದೆ ಒಳಗೆ ಹೋಗಿ ಅಗುಳಿ ಹಾಕಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಆ ಉರ್ಶುಲೆ," ಎಂದ ಶಿಷ್ಯ. "ಅಷ್ಟು ಜನರಲ್ಲಿ ಒಬ್ಬರಿಗೂ ಮೊರ್ತಾಳ ಕಂಬಳಿ ಕಾಣಲಿಲ್ಲವೇ, ಬುದ್ಧಿ?"

ಗುರುಗಳು ಅವನ ಕಾಲ ಕಡೆ ನೋಡಿದರು. "ನಿನ್ನ ಪಂಚೆಯ ಅಂಚು ಯಾಕಪ್ಪಾ ಒದ್ದೆಯಾಗಿದೆ?"