ಮೊದಲು ಬಂದ ಬಳೆಗಾರ

"ಬುದ್ಧಿ, ಹೊತ್ತಿಗೆ ಸರಿಯಾಗಿ ಬರದೆ ಕೊನೇ ಗಳಿಗೇಲಿ ಬಂದು ಪ್ರಾಣ ಹಿಂಡೋರ ಮೇಲೆ ಸಿಟ್ಟು ಬರದ ಹಾಗೆ ಇರೋದು ಹೇಗೆ?"

ಕೇಳಿದವನು ತೋಂಟಾರಾಧ್ಯ. ಪಟ್ಟಣದ ಜನರ ಆದಾಯ ತೆರಿಗೆಯ ವಿವರ ಸಿದ್ಧಪಡಿಸಿ ಸಲ್ಲಿಸಿಕೊಡುವುದು ಅವನ ಕಸುಬು. ಮಠದ ಪ್ರಸಾದ ನಿಲಯದ ಲೆಕ್ಕವನ್ನೂ ವರ್ಷವರ್ಷ ಅವನೇ ನೋಡುತ್ತಿದ್ದ. ಅದಕ್ಕೆ ಕಾಸು ಮುಟ್ಟುತ್ತಿರಲಿಲ್ಲ, ಸೇವೆ ಎನ್ನುತ್ತಿದ್ದ. ಗಡುವಿಗೆ ಉಳಿದದ್ದು ನಾಳೆಯ ದಿನವೊಂದೇ. ಅಂಥ ಹೊತ್ತಿನಲ್ಲಿ ಅವನು ಕಚೇರಿ ಬಿಟ್ಟು ಮಠಕ್ಕೆ ಬಂದದ್ದು ಭಕ್ತಿಯಿಂದಲ್ಲ. ಅಲ್ಲೇ ಇದ್ದರೆ ಯಾರ ಮೇಲಾದರೂ ಕೈ ಮಾಡಿಬಿಡುತ್ತೇನೆ ಎಂಬ ಭಯದಿಂದ ಎದ್ದು ಬಂದಿದ್ದ.

ಗುರುಗಳು ಪ್ರಸಾದ ನಿಲಯದ ಜಗುಲಿಯ ಮೇಲೆ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಕೇಳಿದರು. "ಅಂಥದ್ದೇನಾಯ್ತಪ್ಪ?"

"ಏನಾಗ್ಲಿಲ್ಲ ಅಂತ ಕೇಳಿ ಬುದ್ಧಿ. ಯುಗಾದಿಯಿಂದ ಬಡ್ಕೊಂಡೆ, ಕಾಗದ ತನ್ನಿ, ಕಾಗದ ತನ್ನಿ ಅಂತ. ಆಗ ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ. ಈಗ ಊರಿಗೆ ಊರೇ ನನ್ನ ಬಾಗಿಲಲ್ಲಿ ನಿಂತಿದೆ. ಒಬ್ರ ಓಟಿಪಿ ಹೈದರಾಬಾದಿನಲ್ಲಿರೋ ಅಳಿಯನ ಫೋನಿಗೆ ಹೋಗುತ್ತೆ, ಆ ಅಳಿಯ ಫೋನ್ ಎತ್ತಲ್ಲ. ಇನ್ನೊಬ್ರು ಪಾಸ್‌ವರ್ಡ್ ಮರೆತು, ಏನಿಟ್ಟಿದ್ದೆ ಹೇಳಿ ಅಂತ ನನ್ನನ್ನೇ ಕೇಳ್ತಾರೆ. ಎಲ್ಲ ಮುಗಿಸಿ ಕಳಿಸಿದ ಮೇಲೆ, ಅಯ್ಯೋ, ಒಂದು ಸೈಟು ಮಾರಿದ್ದೆ, ಹೇಳೋದೇ ಮರೆತೆ ಅಂತಾರೆ. ಸೈಟು ಮಾರಿದ್ದನ್ನ ಯಾರಾದ್ರೂ ಮರೀತಾರಾ ಬುದ್ಧಿ?"

"ಯುಗಾದಿ ಹೊತ್ತಿಗೆ ಒಬ್ಬರೂ ಬರಲಿಲ್ವಾ?"

"ಒಬ್ಬರೂ ಇಲ್ಲ."

ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು. ಗುರುಗಳು ಮೊರವನ್ನು ಕೆಳಗಿಟ್ಟರು.

"ಅದನ್ನ ಆ ಕಡೆ ಇಡು. ಒಂದು ಕತೆ ಹೇಳ್ತೀನಿ, ಕೇಳಿಸ್ಕೊ."

ಒಂದು ಪೇಟೆಯಲ್ಲಿ ಒಬ್ಬ ಲೆಕ್ಕಿಗನಿದ್ದ. ಆ ಪೇಟೆಯಲ್ಲಿ ಅಂಗಡಿ ಇಟ್ಟವರೆಲ್ಲ ವರ್ಷಕ್ಕೊಮ್ಮೆ ತಮ್ಮ ವ್ಯಾಪಾರದ ವಿವರ ಬರೆಸಿ ಸುಂಕದ ಕಟ್ಟೆಗೆ ಒಪ್ಪಿಸಬೇಕಾಗಿತ್ತು. ಅದಕ್ಕೊಂದು ಗೊತ್ತಾದ ಕೊನೆಯ ದಿನ. ಆ ದಿನ ಸೂರ್ಯ ಮುಳುಗುವಾಗ ಕಟ್ಟೆಯಲ್ಲಿ ಗಂಟೆ ಹೊಡೆದು ಬಾಗಿಲು ಹಾಕುತ್ತಿದ್ದರು. ಗಂಟೆ ಹೊಡೆಯುವುದರೊಳಗೆ ವಿವರ ಒಪ್ಪಿಸದವನಿಗೆ ಆ ವರ್ಷ ಪೇಟೆಯಲ್ಲಿ ಅಂಗಡಿ ಇಲ್ಲ. ಅವನು ಸರಕು ಹೊತ್ತು ಬೀದಿ ಬೀದಿ ತಿರುಗಬೇಕು. ಅರಮನೆಯವರಿಗೆ ಒಪ್ಪುವಂತೆ ಬರೆಯುವುದು ಜನರಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಲೆಕ್ಕಿಗನ ಬಳಿಗೆ ಬರುತ್ತಿದ್ದರು.

ಲೆಕ್ಕಿಗ ಕೆಟ್ಟವನಲ್ಲ. ಸುಳ್ಳು ಬರೆಯುತ್ತಿರಲಿಲ್ಲ, ಲಂಚ ಮುಟ್ಟುತ್ತಿರಲಿಲ್ಲ. ಆದರೆ ತನ್ನಷ್ಟು ಕಷ್ಟಪಡುವವನು ಲೋಕದಲ್ಲಿ ಇನ್ನೊಬ್ಬನಿಲ್ಲ ಎಂದು ಅವನು ನಂಬಿದ್ದ.

ಆ ವರ್ಷ ಲೆಕ್ಕ ಬರೆಯುವ ಕಾಲ ಶುರುವಾದ ಕೂಡಲೇ, ಎಲ್ಲರಿಗಿಂತ ಮೊದಲು, ಒಬ್ಬ ಬಳೆಗಾರ ಬಂದ. ಬಳೆಗಾರನಿಗೆ ಒಂದು ಕಾಲು ಎಳೆತ. ಬಳೆಯ ಮಲಾರ ಹೆಗಲಿಗೇರಿಸಿ ಬೀದಿ ತಿರುಗುವುದು ಅವನಿಂದ ಆಗದ ಮಾತು. ಪೇಟೆಯ ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ ಇತ್ತು, ಅದರಿಂದ ಅವನ ಮನೆ ನಡೆಯುತ್ತಿತ್ತು. ಅವನು ಕೆಂಪು ಬಟ್ಟೆಯ ಗಂಟು ಬಿಚ್ಚಿ ಚೀಟಿಗಳನ್ನು ಲೆಕ್ಕಿಗನ ಮುಂದಿಟ್ಟ. ಕೊಂಡದ್ದರ ಚೀಟಿ ಒಂದು ಕಡೆ, ಮಾರಿದ್ದರದು ಇನ್ನೊಂದು ಕಡೆ. ಒಡೆದುಹೋದ ಬಳೆಗಳ ಲೆಕ್ಕಕ್ಕೂ ಬೇರೆ ಕಟ್ಟು.

"ಏನಾದ್ರೂ ಕಮ್ಮಿ ಇದ್ರೆ ಹೇಳಿ ಅಯ್ಯನೋರೇ, ಈಗಲೇ ತಂದುಕೊಡ್ತೀನಿ."

ಲೆಕ್ಕಿಗನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಏನೂ ಕಮ್ಮಿ ಇಲ್ಲ ಕಣಯ್ಯ. ಎಲ್ಲರೂ ನಿನ್ನ ಹಾಗಿದ್ದಿದ್ರೆ ನನಗೆ ತಲೆನೋವೇ ಇರ್ತಿರಲಿಲ್ಲ. ನಿಂದು ಹೂವು ಎತ್ತಿದಷ್ಟು ಸಲೀಸು. ಯಾವಾಗ ಬೇಕಾದ್ರೂ ಬರೆದು ಹಾಕ್ತೀನಿ. ನಿಶ್ಚಿಂತೆಯಿಂದ ಹೋಗು."

ಬಳೆಗಾರ ನಿಶ್ಚಿಂತೆಯಿಂದ ಹೋದ. ಲೆಕ್ಕಿಗ ಗಂಟನ್ನು ಕಟ್ಟಿ ಗೋಡೆಯ ಗೂಡಿನಲ್ಲಿಟ್ಟ.

ಅದನ್ನು ಅವನು ಮರೆತನೆಂದು ತಿಳಿಯಬೇಡ. ಹಾಗೆ ಹೇಳಿದರೆ ಅವನಿಗೆ ಅನ್ಯಾಯವಾಗುತ್ತದೆ. ಒಂದೆರಡು ಸಲ ಕೈಗೆ ತೆಗೆದುಕೊಂಡ. ತೆಗೆದುಕೊಂಡಾಗಲೆಲ್ಲ ಜಗುಲಿಯ ಮೇಲಿಂದ ಯಾರೋ ಕೂಗಿದರು. ಇದೆಲ್ಲಿ ಓಡಿಹೋಗುತ್ತದೆ ಎಂದುಕೊಂಡು ಮತ್ತೆ ಗೂಡಿಗೆ ಇಟ್ಟ. ನಡುವೆ ಒಮ್ಮೆ ಬಳೆಗಾರ ಬಾಗಿಲವರೆಗೆ ಬಂದ. ಒಳಗಿನ ಗದ್ದಲ ನೋಡಿ, ಪಾಪ, ಅಯ್ಯನವರಿಗೆ ಉಸಿರಾಡಲೂ ಹೊತ್ತಿಲ್ಲ ಎಂದು ಮಾತಾಡಿಸದೆ ಹಿಂದಿರುಗಿದ. ಲೆಕ್ಕಿಗ ಅದನ್ನು ನೋಡಿದ. ಎಂಥ ಒಳ್ಳೆಯವನು ಎಂದುಕೊಂಡ. ಎದುರಿಗೆ ಕೂತಿದ್ದವನ ಚೀಟಿಯನ್ನು ಎತ್ತಿಕೊಂಡ.

ಕೊನೆಯ ದಿನ ಬಂತು. ಬೆಳಕು ಹರಿಯುವ ಮೊದಲೇ ಜಗುಲಿ ತುಂಬಿತ್ತು.

ಎಣ್ಣೆ ವ್ಯಾಪಾರಿ ಒಂದು ಗೋಣಿಚೀಲ ತಂದು ಲೆಕ್ಕಿಗನ ಮುಂದೆ ಸುರಿದ. ವರ್ಷದ ಚೀಟಿಗಳೆಲ್ಲ ಎಣ್ಣೆ ಕುಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲ ಇದರಲ್ಲೇ ಇದೆ, ನೀವೇ ಆರಿಸಿಕೊಳ್ಳಿ ಎಂದು ಅವನು ಗೋಡೆಗೊರಗಿ ಕೂತ. ಜವಳಿ ವ್ಯಾಪಾರಿ ಬರಿಗೈಯಲ್ಲಿ ಬಂದಿದ್ದ. ಹೋದ ವರ್ಷ ಬರೆದದ್ದನ್ನೇ ಈ ವರ್ಷವೂ ಬರೆದರಾಯಿತು ಎಂಬುದು ಅವನ ವಾದ. ಬೆಲ್ಲದ ಮಂಡಿಯವನು ಎಲ್ಲ ಬರೆಸಿ, ರುಜು ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದ. ಹೆಂಡತಿಯ ಹೆಸರಿನಲ್ಲಿ ಒಂದು ತೋಟ ಕೊಂಡಿದ್ದದ್ದು ಅವನಿಗೆ ಆಗ ನೆನಪಾಗಿತ್ತು. ಲೆಕ್ಕಿಗ ಹಾಳೆ ಹರಿದು ಮೊದಲಿನಿಂದ ಬರೆದ. ಬರೆದು ಮುಗಿಸಿದ ಮೇಲೆ ಮಂಡಿಯವನು, ನಾಲ್ಕು ಗೆರೆ ಗೀಚುವುದಕ್ಕೆ ಇಷ್ಟೊಂದು ಕೂಲಿಯೇ ಎಂದು ಚೌಕಾಸಿಗಿಳಿದ. ಸುಂಕ ಹೆಚ್ಚಾಯಿತೆಂದು ಮತ್ತೊಬ್ಬ ಬೈದ. ಆ ಸುಂಕವೆಲ್ಲ ಲೆಕ್ಕಿಗನ ಮನೆಗೇ ಹೋಗುತ್ತದೆಯೇನೋ ಎಂಬಂತೆ ಬೈದ.

ಲೆಕ್ಕಿಗನ ಹೆಂಡತಿ ತಂದಿಟ್ಟ ಮುದ್ದೆ ಆರಿತು. ಅವನ ಬೆರಳು ಮರಗಟ್ಟಿತು. ಹೊತ್ತು ಇಳಿಯತೊಡಗಿದ ಹಾಗೆ ಜಗುಲಿಯ ಮೇಲಿನ ಕೂಗು ಏರಿತು. ಒಬ್ಬ ಬಾಗಿಲು ಬಡಿದ, ಒಬ್ಬ ಕಂಬಕ್ಕೆ ತಲೆ ಚಚ್ಚಿಕೊಂಡ. ಅಳುವ ಮಗುವಿಗೇ ಹಾಲು ಎನ್ನುತ್ತಾರಲ್ಲ, ಲೆಕ್ಕಿಗನದೂ ಅದೇ ಪಾಡಾಯಿತು. ಯಾರು ಹೆಚ್ಚು ಕೂಗಿದರೋ ಅವರ ಕೆಲಸ ಮೊದಲು ಮಾಡಿದ. ಮನಸ್ಸಿನಲ್ಲೇ ಅವರಿಗೆ ಹಿಡಿಶಾಪ ಹಾಕುತ್ತ ಮಾಡಿದ. ಗೂಡಿನಲ್ಲಿದ್ದ ಗಂಟು ಅಳಲಿಲ್ಲ.

ಬಿಸಿಲು ಮಾಡಿನ ಅಂಚಿಗೆ ಏರಿದಾಗ ಅವನು ಕಾಗದಗಳನ್ನೆಲ್ಲ ಅವುಚಿಕೊಂಡು ಸುಂಕದ ಕಟ್ಟೆಗೆ ಓಡಿದ. ಹಿಂದೆ ಊರೆಲ್ಲ ಓಡಿತು. ಕಟ್ಟೆಯ ಅಧಿಕಾರಿ ಒಂದೊಂದೇ ಹೆಸರು ಕೂಗಿ ಮುದ್ರೆ ಒತ್ತತೊಡಗಿದ. ಎಣ್ಣೆಯವನದು ಆಯಿತು, ಜವಳಿಯವನದು ಆಯಿತು, ಬೆಲ್ಲದ ಮಂಡಿಯವನದೂ ಆಯಿತು. ಹೆಸರು ಕೂಗಿಸಿಕೊಂಡವರು ನಗುತ್ತ ಮನೆಗೆ ಹೊರಟರು. ಲೆಕ್ಕಿಗನ ಎದೆ ಹಗುರಾಗುತ್ತ ಬಂತು. ಗೆದ್ದೆ ಎಂದು ಬೆವರು ಒರೆಸಿಕೊಂಡು ತಲೆ ಎತ್ತಿದ.

ಕಂಬದ ಪಕ್ಕದಲ್ಲಿ ಬಳೆಗಾರ ನಿಂತಿದ್ದ. ಕೈಕಟ್ಟಿಕೊಂಡು, ತನ್ನ ಹೆಸರು ಕೂಗುವುದನ್ನೇ ಕಾಯುತ್ತಿದ್ದ. ಅವನ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಲೆಕ್ಕಿಗನಿಗೆ ಗೂಡಿನಲ್ಲಿದ್ದ ಗಂಟು ನೆನಪಾಯಿತು. ಮದುವೆಯ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ ಎಂದು ಅವನೇ ಎಷ್ಟೋ ಜನರನ್ನು ಗೇಲಿ ಮಾಡಿದ್ದ. ಮನೆಯ ಕಡೆ ಓಡಿದ. ಗೂಡಿನಿಂದ ಗಂಟು ಎಳೆದು, ನಿಂತಲ್ಲೇ ಬಿಚ್ಚಿ, ಬರೆದ. ನಿಜಕ್ಕೂ ಹೂವು ಎತ್ತಿದಷ್ಟೇ ಸಲೀಸಾಗಿತ್ತು. ಒಂದು ಕಡೆಯೂ ಕೈ ತಡೆಯಲಿಲ್ಲ, ಒಂದು ಅಂಕಿಯೂ ತಪ್ಪಿರಲಿಲ್ಲ. ಶಾಯಿ ಆರುವುದಕ್ಕೂ ಕಾಯದೆ ಹಾಳೆ ಹಿಡಿದು ಮತ್ತೆ ಓಡಿದ. ಬೀದಿಯ ತಿರುವಿಗೆ ಬಂದಾಗ ಗಂಟೆ ಹೊಡೆಯಿತು.

ಅವನು ಬಾಗಿಲಿಗೆ ಬಂದು ಬಿದ್ದ. ಬಡಿದ, ಅಂಗಲಾಚಿದ. ಇಷ್ಟು ವರ್ಷ ನಿಮ್ಮ ಕಟ್ಟೆಗೆ ದುಡಿದಿದ್ದೇನೆ, ಇದೊಂದು ಹಾಳೆ ತೆಗೆದುಕೊಳ್ಳಿ ಎಂದ. ಗಂಟೆ ಹೊಡೆದ ಮೇಲೆ ಅರಮನೆಯ ಲೆಕ್ಕವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಅಧಿಕಾರಿ ಒಳಗಿನಿಂದಲೇ ಹೇಳಿದ.

ಹೊರಗೆ ಉಳಿದವರು ಇಬ್ಬರೇ. ಲೆಕ್ಕಿಗನಿಗೆ ತಲೆ ಎತ್ತಲು ಮುಖವಿರಲಿಲ್ಲ. ತಡವಾಗಿ ಬಂದವರು ತನ್ನನ್ನು ಹೇಗೆ ಹುರಿದು ಮುಕ್ಕಿದರು ಎಂದು ಹೇಳತೊಡಗಿದ. ಬಳೆಗಾರ ಎಲ್ಲವನ್ನೂ ಕೇಳಿಸಿಕೊಂಡ. ಕೂಗಾಡಲಿಲ್ಲ.

"ಅವರು ತಡವಾಗಿ ಬಂದ್ರು, ನಿಜ. ನಾನು ಯಾವಾಗ ಬಂದೆ ಅಯ್ಯನೋರೇ?" ಎಂದಷ್ಟೇ ಕೇಳಿ ಕಾಲೆಳೆಯುತ್ತ ಹೊರಟುಹೋದ.

ಆ ವರ್ಷವೆಲ್ಲ ಬಳೆಗಾರ ಮಲಾರ ಹೊತ್ತು ಬೀದಿ ತಿರುಗಿದ. ಕೂಗಿಗಿಂತ ಮೊದಲು ಕಾಲು ಎಳೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದೊಡನೆ ಲೆಕ್ಕಿಗ ಜಗುಲಿಯಿಂದ ಎದ್ದು ಒಳಗೆ ಹೋಗುತ್ತಿದ್ದ.

ಮತ್ತೆ ಲೆಕ್ಕ ಬರೆಯುವ ಕಾಲ ಬಂತು. ಈ ಸಲ ಬಳೆಗಾರನದನ್ನೇ ಎಲ್ಲಕ್ಕಿಂತ ಮೊದಲು ಬರೆದು ಒಪ್ಪಿಸಬೇಕು ಎಂದು ಲೆಕ್ಕಿಗ ನಿಶ್ಚಯಿಸಿದ್ದ. ಮೊದಲ ದಿನವೆಲ್ಲ ಬಾಗಿಲು ನೋಡುತ್ತ ಕೂತ. ಬಳೆಗಾರ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಲೆಕ್ಕಿಗ ಹೇಳಿಕಳಿಸಿದ. ಆಗಲಿ, ಬರುತ್ತೇನೆ ಎಂಬ ಉತ್ತರ ಬಂತು.

ಕೊನೆಯ ದಿನ ಹೊತ್ತು ಇಳಿಯುವಾಗ ಜಗುಲಿಯ ಗುಂಪನ್ನು ಸೀಳಿಕೊಂಡು ಒಬ್ಬ ಮುಂದೆ ಬಂದ. ಊರುಗೋಲಿನಿಂದ ಬಾಗಿಲು ಕುಟ್ಟಿದ. ಒಂದು ಗೋಣಿಚೀಲ ಎತ್ತಿ ಲೆಕ್ಕಿಗನ ಮುಂದೆ ಸುರಿದ. ಕೊಂಡದ್ದು, ಮಾರಿದ್ದು, ಒಡೆದದ್ದು ಎಲ್ಲ ಒಂದರಲ್ಲೊಂದು ಕಲಸಿಹೋಗಿತ್ತು. "ಈಗಲೇ ಬರೀರಿ! ಬರೆಯೋವರೆಗೂ ನಾನು ಇಲ್ಲಿಂದ ಏಳೋದಿಲ್ಲ!" ಎಂದು ಊರು ಕೇಳುವಂತೆ ಕೂಗಿದ.

ಅವನು ಬಳೆಗಾರ.

ಲೆಕ್ಕಿಗ ಗಾಬರಿಯಿಂದ ಚೀಟಿಗಳನ್ನು ಬಾಚಿಕೊಂಡ. ಬಾಚಿಕೊಳ್ಳುತ್ತಿದ್ದಾಗ, ಗೋಡೆಗೊರಗಿ ಕೂತಿದ್ದ ಎಣ್ಣೆ ವ್ಯಾಪಾರಿಯ ಮೇಲೆ ಅವನ ಕಣ್ಣು ಬಿತ್ತು. ಬಹಳ ಹಿಂದೆ ಈ ಎಣ್ಣೆಯವನೂ ಎಲ್ಲರಿಗಿಂತ ಮೊದಲು ಬಂದಿದ್ದ. ಜಿಡ್ಡು ತಾಗದಂತೆ ಬಾಳೆಯೆಲೆಯಲ್ಲಿ ಸುತ್ತಿ ಚೀಟಿಗಳನ್ನು ತಂದಿದ್ದ. ಅದನ್ನೂ ಆ ಗೂಡಿನಲ್ಲೇ ಇಟ್ಟದ್ದು ಲೆಕ್ಕಿಗನಿಗೆ ಆಗ ನೆನಪಿಗೆ ಬಂತು. ನೆನೆಯುತ್ತ ಕೂರಲು ಹೊತ್ತಿರಲಿಲ್ಲ, ಬಳೆಗಾರ ಮತ್ತೆ ಕೋಲು ಕುಟ್ಟಿದ.

ಆ ದಿನ ಕಾಯುತ್ತಿದ್ದ ಎಲ್ಲರಿಗಿಂತ ಮೊದಲು ಬಳೆಗಾರನ ಕಾಗದವೇ ಸಿದ್ಧವಾಯಿತು.

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ತೋಂಟಾರಾಧ್ಯ ಬಳೆಗಾರನಿಗಾಗಿ ಮರುಗಿದ, ಲೆಕ್ಕಿಗನ ಮೇಲೆ ಅವನಿಗೆ ಎಲ್ಲಿಲ್ಲದ ಕೋಪ ಬಂತು.

"ಎಂಥ ಮನುಷ್ಯ ಬುದ್ಧಿ ಅವನು! ನಂಬಿ ಮೊದಲು ಬಂದೋರನ್ನ ಮೂಲೆಗಿಟ್ಟು, ಬಾಯಿ ಮಾಡಿದೋರ ಹಿಂದೆ ಓಡ್ತಾನಲ್ಲ. ಅಂಥವನಿಗೆ ಕೊನೇ ಗಳಿಗೇಲಿ ಬರೋರೇ ಸರಿ. ಅವನೇ ಅಲ್ವಾ ಅವರನ್ನ ಹಾಗೆ ಮಾಡಿದ್ದು!"

ಗುರುಗಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟು, ಮೊದಲ ಸಲ ಅವನ ಮುಖ ನೋಡಿದರು.

"ಈ ಪ್ರಸಾದ ನಿಲಯದ ಕಾಗದಾನ ಯುಗಾದಿ ಮಾರನೇ ದಿನವೇ ನಿನ್ನ ಕೈಗೆ ಕೊಟ್ಟಿದ್ವಲ್ಲ ಆರಾಧ್ಯ, ಬರೋ ವರ್ಷ ನಾವೂ ಕೊನೇ ದಿನ ಬಂದು ನಿನ್ನ ಬಾಗಿಲು ಕುಟ್ಟಬೇಕೇನಪ್ಪ?"