ಎರಡು ಬೆರಳಿನ ಮರ

ಅಡವಯ್ಯನೆಂಬ ಶಿಷ್ಯ ಗುರುಗಳ ಮುಂದೆ ಬಂದು ಕುಳಿತ. ಕೇಳಬೇಕೆಂದೇ ಬಂದಿದ್ದ. ಕೇಳಿಯೇ ಬಿಟ್ಟ.

“ಗುರುಗಳೇ, ತಾವು ನನಗೆ ಹಾಕಿಕೊಟ್ಟ ನೇಮ ತಮ್ಮ ಗುರುಗಳ ಕಾಲದ್ದು. ಅವರ ಮೈಗೂ ಮನಸ್ಸಿಗೂ ಅದು ಒಗ್ಗಿತ್ತು. ನನಗೆ ಒಗ್ಗುತ್ತಿಲ್ಲ. ಕುಳಿತರೆ ಮಂಡಿ ನೋಯುತ್ತದೆ, ಜಪಕ್ಕೆ ಹಿಡಿದರೆ ಮನಸ್ಸು ಊರೆಲ್ಲ ಸುತ್ತುತ್ತದೆ. ಬದಲಿಸಿದರೆ ಕೊಟ್ಟವರಿಗೆ ಅಪಚಾರ. ಬದಲಿಸದಿದ್ದರೆ ಅದು ನನ್ನದಾಗುವುದಿಲ್ಲ. ಹಿರಿಯರಿಂದ ಬಂದದ್ದನ್ನು ನಮಗೆ ತಕ್ಕಂತೆ ತಿದ್ದಿಕೊಳ್ಳಬಹುದೇ, ಬಾರದೇ?”

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಕಾಡಿನಂಚಿನ ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಗೆಣಸಿನ ಹೊಲ, ಒಂದು ಕೋವಿ, ಒಬ್ಬಳು ಹೆಂಡತಿ. ಮಕ್ಕಳಿರಲಿಲ್ಲ. ಹೊತ್ತು ಮುಳುಗುವಾಗ ಕಾಡುಹಂದಿಗಳು ಗೆಣಸಿಗೆ ಬರುತ್ತಿದ್ದವು. ರೈತ ಬದುವಿನ ಮೇಲೆ ಕೋವಿ ಹಿಡಿದು ಕೂರುತ್ತಿದ್ದ. ಒಂದು ವರ್ಷ ಅವನಿಗೆ ಜ್ವರ ಬಂದಿತು. ಒಂಬತ್ತನೆಯ ದಿನ ತೀರಿಕೊಂಡ. ಹೆಂಡತಿ ಅತ್ತು ಮುಗಿಸುವ ಮೊದಲೇ ಹಂದಿಗಳು ಬಂದವು. ಹಂದಿಗಳಿಗೆ ಸೂತಕವಿಲ್ಲ. ಅವಳು ಕೋವಿ ಎತ್ತಿಕೊಂಡು ಹೊಲಕ್ಕೆ ಹೋದಳು.

ಗಂಡ ಎತ್ತರದ ಆಳು, ನೀಳ ತೋಳಿನವನು. ಅವಳು ಅವನ ಎದೆಮಟ್ಟ ಇದ್ದಳು. ಕೋವಿಯ ಮರದ ಹಿಡಿಯನ್ನು ಹೆಗಲಿಗೆ ಆನಿಸಿದರೆ ಗುಂಡು ಹಾರಿಸಲು ಎಳೆಯುವ ಕುದುರೆಗೆ ಬೆರಳು ಎಟುಕುತ್ತಿರಲಿಲ್ಲ. ಬೆರಳು ಎಟುಕಿಸಿದರೆ ಹಿಡಿ ಹೆಗಲಿನಿಂದ ಜಾರಿ ತೋಳಿನ ಮೇಲೆ ಕೂರುತ್ತಿತ್ತು. ಗುಂಡು ಹಾರಿದಾಗಲೆಲ್ಲ ಕೋವಿ ಹಿಂದಕ್ಕೆ ಒದೆಯುತ್ತಿತ್ತು, ತೋಳು ನೀಲಿಗಟ್ಟುತ್ತಿತ್ತು. ಹೊಲಕ್ಕೆ ಬರುವ ಹೆಂಗಸರು ನೋಡಿ, “ಹಿಡಿಯನ್ನು ಒಂದಿಷ್ಟು ಕುಯ್ಯಿಸಬಾರದೇನೇ?” ಎಂದರು. ಅವಳು, “ಅವರು ಹಿಡಿದ ಮರ. ಗರಗಸ ಹೇಗೆ ಹಾಕಲಿ?” ಎಂದಳು. ಎರಡು ಬೆಳೆ ಹಾಗೇ ಕಾದಳು. ಹೆಗಲನ್ನು ಮುಂದಕ್ಕೆ ತಂದು, ಕತ್ತು ನೀಡಿ, ಒಂದು ಪಕ್ಕಕ್ಕೆ ವಾಲಿ ಗುರಿ ಹಿಡಿಯುವುದನ್ನು ಕಲಿತಳು. ಎಷ್ಟೋ ಸಲ ಗುರಿ ತಪ್ಪಿತು. ಆದರೂ ಸದ್ದಿಗೆ ಹೆದರಿ ಹಂದಿಗಳು ಓಡುತ್ತಿದ್ದವು. ಅವಳ ಅನ್ನ ಉಳಿಯಿತು.

ಮೂರನೆಯ ವರ್ಷ ಒಂದು ಸಂಜೆ ಹಂದಿಯ ಹಿಂದೆ ಓಡುವಾಗ ಬದುವಿನ ಮೇಲೆ ಕಾಲು ಜಾರಿತು. ಕೋವಿ ಕಲ್ಲಿಗೆ ಬಡಿಯಿತು. ಕುದುರೆಯ ಹಿಂದೆ ಹಿಡಿ ಸಣ್ಣಗಾಗುವ ಕಡೆ ಮರ ಎರಡು ತುಂಡಾಯಿತು. ಅವಳು ತುಂಡುಗಳನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲೇ ಕುಳಿತಳು. ಗಂಡ ಎರಡನೆಯ ಸಲ ಸತ್ತಂತೆ ಅತ್ತಳು. ಅವಳ ಕಣ್ಣೆದುರಿಗೇ ಹಂದಿಗಳು ನಾಲ್ಕು ಸಾಲು ಗೆಣಸು ಅಗೆದು ತಿಂದವು.

ಬಡಗಿಯ ಬಳಿಗೆ ಹೋದಳು. ಅವನು, “ಇದನ್ನು ಒಲೆಗೆ ಹಾಕಮ್ಮ, ಹೊಸ ಹಿಡಿ ಮಾಡಿಕೊಡುತ್ತೇನೆ” ಎಂದ. ಅವಳು ಒಪ್ಪಲಿಲ್ಲ. ಬೆಸೆಯುವುದು ಹೇಗೆಂದು ಕೇಳಿ, ಒಂದಿಷ್ಟು ಮರವಜ್ರದ ಅಂಟು ಇಸಿದುಕೊಂಡು, ತೂತು ಕೊರೆಯುವ ಬೈರಿಗೆಯನ್ನು ಎರವಲು ತಂದು, ಮನೆಯಲ್ಲೇ ಕೆಲಸಕ್ಕೆ ಕುಳಿತಳು.

ಮೊದಲ ಸಲ ಅಂಟು ಹಿಡಿಯಲಿಲ್ಲ. ಎಷ್ಟೋ ವರ್ಷದ ಕೈ ಎಣ್ಣೆ, ಕೋವಿಯ ಎಣ್ಣೆ ಮರದೊಳಗೆ ಇಳಿದಿತ್ತು. ಮುರಿದ ಬಾಯಿಗೆ ಬೂದಿ ಮೆತ್ತಿ ಬಿಸಿಲಿಗಿಟ್ಟಳು. ಬೂದಿ ಎಣ್ಣೆ ಕುಡಿದು ಕಪ್ಪಾದಾಗ ಕೊಡವಿ ಹೊಸದು ಮೆತ್ತಿದಳು. ಐದು ದಿನ ಹೀಗೆ ಮಾಡಿದಳು. ಆಮೇಲೆ ತೂತು ಕೊರೆದು, ಎರಡು ಬಿದಿರಿನ ಮೊಳೆ ಇಟ್ಟು, ಮರವಜ್ರ ಕಾಯಿಸಿ ಹಚ್ಚಿ, ಹುರಿಯಿಂದ ಬಿಗಿದು ಮೂಲೆಯಲ್ಲಿಟ್ಟಳು. ಮೂರು ದಿನ ಮುಟ್ಟಲಿಲ್ಲ. ಬಿಚ್ಚಿದಾಗ ಬೆಸುಗೆ ಕಲ್ಲಿನಂತೆ ನಿಂತಿತ್ತು.

ಅವಳಿಗೆ ಹಿಗ್ಗಾಯಿತು. ಹಿಡಿಯನ್ನು ಪೂರ್ತಿ ಶುಚಿ ಮಾಡೋಣವೆಂದು ಅದರ ಬುಡದ ಕಬ್ಬಿಣದ ತಗಡನ್ನೂ ಬಿಚ್ಚಿದಳು. ತಗಡಿನ ಕೆಳಗಿನ ಮರ ಬೇರೆಯಾಗಿತ್ತು. ಹಿಡಿಯೆಲ್ಲ ಬೀಟೆ, ಕೊನೆಯ ಎರಡು ಬೆರಳಿನಷ್ಟು ಮಾತ್ರ ಹಲಸು. ಮಸಿ ಬಳಿದು ಬಣ್ಣ ಕೂಡಿಸಿದ್ದರಿಂದ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಯಾರೋ ಅದನ್ನು ಮೊಳೆಯಿಟ್ಟು ಸೇರಿಸಿದ್ದರು.

ಗಂಡನ ಅಣ್ಣ ಅದೇ ಊರಿನಲ್ಲಿದ್ದ. ಹಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವನ ಬಳಿಗೆ ಹೋದಳು.

“ಭಾವ, ಇದೇನು ನೋಡಿ” ಎಂದಳು.

ಅವನು ತಿರುಗಿಸಿ ನೋಡಿ ನಕ್ಕ. “ಇದು ನಮ್ಮಪ್ಪನ ಕೋವಿಯಮ್ಮ. ಅಪ್ಪ ಕುಳ್ಳ. ನಿನ್ನ ಗಂಡ ಏಳು ವರ್ಷ ಮೊಣಕೈ ಮಡಚಿಕೊಂಡು, ಗೂನು ಬೆನ್ನಿನವನ ಹಾಗೆ ಇದನ್ನೇ ಹಿಡಿದ. ಆಮೇಲೆ ಒಂದು ದಿನ ಈ ತುಂಡು ಸೇರಿಸಿದ. ಅಪ್ಪ ಒಂದು ತಿಂಗಳು ಅವನ ಜೊತೆ ಮಾತಾಡಲಿಲ್ಲ.”

“ಉಳಿದದ್ದೆಲ್ಲ?”

“ಉಳಿದದ್ದೆಲ್ಲ ಅಪ್ಪನದು. ಅವನು ಮಾಡಿದ್ದು ಇಷ್ಟೇ.”

ಅವಳು ಮನೆಗೆ ಬಂದಳು. ಯಾವುದನ್ನು ಗಂಡನದೆಂದು ಎರಡು ವರ್ಷ ನೋವುಂಡು ಕಾಪಾಡಿದಳೋ ಅದು ಮಾವನದಾಗಿತ್ತು. ಗಂಡ ತನ್ನ ಕೈಯಾರೆ ಮಾಡಿದ್ದು ಎರಡು ಬೆರಳು ಮರ. ಅವಳ ತೋಳಿಗೆ ಹೆಚ್ಚಾಗಿದ್ದುದೂ ಸರಿಯಾಗಿ ಆ ಎರಡು ಬೆರಳೇ. ಅದನ್ನು ಉಳಿಸಿದರೆ ಕೋವಿ ಅವಳ ಹೆಗಲಿಗೆ ಕೂರದು. ತೆಗೆದರೆ ಕೋವಿಯಲ್ಲಿ ಅವನದೆಂಬುದು ಏನೂ ಉಳಿಯದು. ಆದರೆ ಅವನೂ ಅಪ್ಪನ ಕೋವಿಯನ್ನು ತನ್ನ ತೋಳಿಗೆ ತಿದ್ದಿಕೊಂಡವನೇ ಅಲ್ಲವೇ? ಅವನಂತೆ ಮಾಡಿದರೆ ಅವನು ಮಾಡಿದ್ದು ಹೋಗುತ್ತದೆ, ಅವನು ಮಾಡಿದ್ದನ್ನು ಉಳಿಸಿದರೆ ಅವನಂತೆ ಮಾಡಿದ ಹಾಗಾಗುವುದಿಲ್ಲ. ಹೀಗೆ ಅವಳು ಯೋಚಿಸುತ್ತಿರುವಾಗ ಒಲೆಯ ಮೇಲಿಟ್ಟ ಗಂಜಿ ಸೀದುಹೋಯಿತು. ಗರಗಸ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಮಾರನೆಯ ದಿನವೂ ಎತ್ತಿಕೊಂಡಳು, ಕೆಳಗಿಟ್ಟಳು. ಹೊಲದಲ್ಲಿ ಹಂದಿಗಳು ದಿನಕ್ಕೊಂದು ಸಾಲು ಮುಗಿಸುತ್ತಿದ್ದವು.

ಆರನೆಯ ದಿನ ನೀರು ಕಾಯಿಸಿದಳು. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಆ ತುಂಡಿಗೆ ಸುತ್ತಿದಳು. ಹಳೆಯ ಮರವಜ್ರ ಮೆತ್ತಗಾಯಿತು. ಮೊಳೆಗಳನ್ನು ಒಂದೊಂದಾಗಿ ತಟ್ಟಿ ಎಬ್ಬಿಸಿದಳು. ತುಂಡು ಒಡೆಯದೆ ಕೈಗೆ ಬಂದಿತು. ಅಂಗೈಗಿಂತ ದೊಡ್ಡದಲ್ಲ. ಒಳಮೈಯಲ್ಲಿ ಉಳಿಯ ಗೀರುಗಳಿದ್ದವು. ಗಂಡನಿಗೆ ಬಡಗಿ ಕೆಲಸ ಬರುತ್ತಿರಲಿಲ್ಲವೆಂಬುದು ಆ ಗೀರುಗಳಲ್ಲಿ ತಿಳಿಯುತ್ತಿತ್ತು.

ತಗಡನ್ನು ಮತ್ತೆ ಕೂರಿಸಿ, ಕೋವಿಯನ್ನು ಜೋಡಿಸಿ, ಬದುವಿಗೆ ಒಂದು ಹಲಗೆ ಒರಗಿಸಿ ಗುಂಡು ಹಾರಿಸಿದಳು. ಗುಂಡು ಎಡಕ್ಕೆ ಒಂದು ಗೇಣು ಸರಿಯಿತು. ಇನ್ನೊಂದು ಹಾರಿಸಿದಳು. ಅದೂ ಎಡಕ್ಕೆ. ತಾನು ಬೆಸೆದದ್ದು ಸೊಟ್ಟಗಾಗಿದೆಯೋ, ಎರಡು ವರ್ಷ ಸೊಟ್ಟ ಹಿಡಿದು ತನ್ನ ಮೈಯೇ ಸೊಟ್ಟಗಾಗಿದೆಯೋ ಅವಳಿಗೆ ತಿಳಿಯಲಿಲ್ಲ. ಕೆನ್ನೆ ತಾಗುವ ಕಡೆ ಗಾಜಿನ ಚೂರಿನಿಂದ ಒಂದಿಷ್ಟು ಹೆರೆದಳು. ಆಮೇಲೆ ಹೆರೆಯುವುದನ್ನು ಬಿಟ್ಟು, ಕತ್ತು ನೀಡದೆ ನೆಟ್ಟಗೆ ನಿಲ್ಲುವುದನ್ನು ಅಭ್ಯಾಸ ಮಾಡಿದಳು. ಒಂದು ದಿನ ಮರವನ್ನು ತಿದ್ದಿದರೆ ಇನ್ನೊಂದು ದಿನ ತನ್ನನ್ನು ತಿದ್ದಿಕೊಂಡಳು. ಯಾವುದರಿಂದ ಸರಿಹೋಯಿತೋ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಹದಿನೈದು ದಿನಕ್ಕೆ ಗುಂಡು ಹಲಗೆಯ ನಡುವಿಗೆ ಬಿದ್ದಿತು.

ಆ ಸಂಜೆ ಮುಂದಾಳು ಹಂದಿ ಹೊಲಕ್ಕೆ ಇಳಿಯಿತು. ಅವಳು ಎದ್ದು ನಿಂತು ಹೊಡೆದಳು. ಹಂದಿ ಬಿದ್ದಿತು, ಉಳಿದವು ಕಾಡಿಗೆ ಓಡಿದವು. ಅವಳು ರೂಢಿಯಂತೆ ತೋಳನ್ನು ಒತ್ತಿ ನೋಡಿಕೊಂಡಳು. ನೋವಿರಲಿಲ್ಲ. ಎಲ್ಲೆಲ್ಲಿ ಒತ್ತಿದರೂ ನೋವಿರಲಿಲ್ಲ. ಆಗ ಅವಳಿಗೆ ಅಳು ಬಂದಿತು. ಹಂದಿ ಹೊತ್ತೊಯ್ಯಲು ಬಂದ ಭಾವ, “ಗೆಣಸು ಉಳಿಯಿತಲ್ಲ, ಅಳುವುದೇಕಮ್ಮ?” ಎಂದು ಕೇಳಿದ. ಅವಳು ಮತ್ತೆ ತೋಳನ್ನು ಒತ್ತಿ ನೋಡಿಕೊಂಡಳು.

ಆ ವರ್ಷ ಅರ್ಧ ಬೆಳೆ ಕೈಗೆ ಬಂದಿತು. ಹಲಸಿನ ತುಂಡು ಸ್ವಲ್ಪ ದಿನ ಗೂಡಿನಲ್ಲಿತ್ತು, ಸ್ವಲ್ಪ ದಿನ ಅಕ್ಕಿ ಮಡಕೆಯ ಹಿಂದಿತ್ತು. ಇಡಬೇಕಾದ ಜಾಗ ಯಾವುದೆಂದು ಅವಳಿಗೆ ತಿಳಿಯಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ ಕಾದ. ಇನ್ನೂ ಏನೋ ಇದೆಯೆಂದುಕೊಂಡಿದ್ದ. ಕತೆ ತನ್ನ ಕಡೆಗಿದೆಯೋ ಎದುರಿಗಿದೆಯೋ ಅವನಿಗೆ ಬಗೆಹರಿಯಲಿಲ್ಲ. ಕೊನೆಗೆ ಮೆಲ್ಲನೆ ಕೇಳಿದ:

“ಹಾಗಾದರೆ ತಿದ್ದಿಕೊಳ್ಳಬಹುದು ಎಂದಾಯಿತಲ್ಲವೇ, ಗುರುಗಳೇ?”

“ನೀನು ಈ ನೇಮ ಹಿಡಿದು ಎಷ್ಟು ದಿನವಾಯಿತಪ್ಪ?” ಎಂದರು ಗುರುಗಳು.

“ಹನ್ನೊಂದು ದಿನ” ಎಂದು ಅಡವಯ್ಯ ನೆಲ ನೋಡುತ್ತ ಹೇಳಿದ.