ದುಂಡಪ್ಪನ ಐದು ಕೇರಿ

"ಸ್ವಾಮಿ, ಗೆರೆ ಎಳೆಯುವ ಕೈ ನನ್ನದಾದರೆ ಸಾಕು. ಕತ್ತೆಯನ್ನು ನಿಲ್ಲಿಸಿದರೂ ಗೆಲ್ಲಿಸಿಬಿಡುತ್ತೇನೆ!"

ಗೂಳಿಕೋಟೆಯ ದೊರೆ ಕಲ್ಲೇಶ ನಾಯಕನ ಓಲಗದಲ್ಲಿ ಹೀಗೆಂದು ಮೀಸೆ ತಿರುವಿದವನು ಪಟ್ಟಣ ಸಭೆಯ ಯಜಮಾನ ದುಂಡಪ್ಪ.

ಆ ಪಟ್ಟಣಕ್ಕೆ ಐದು ಕೇರಿ, ಕೇರಿಗೊಬ್ಬ ಸದಸ್ಯ. ಐವರಲ್ಲಿ ಮೂವರು ಹೂಂ ಎಂದರೆ ಹಗಲೂ ಇರುಳಾಗುತ್ತಿತ್ತು. ಮನೆಗಳು ಹೆಚ್ಚಿದ್ದರಿಂದ ಕೇರಿಗಳ ಎಲ್ಲೆಯನ್ನು ಹೊಸದಾಗಿ ಗುರುತಿಸುವ ಕೆಲಸವನ್ನು ದೊರೆ ದುಂಡಪ್ಪನಿಗೇ ಒಪ್ಪಿಸಿದ್ದ. ದುಂಡಪ್ಪನ ಕಣ್ಣು ಕೆರೆಯ ಕಾಲುವೆಯ ಮೇಲಿತ್ತು. ನೇಕಾರರು ನೂಲಿಗೆ ಬಣ್ಣ ಕಟ್ಟುತ್ತಿದ್ದ ಆ ನೀರನ್ನು ತನ್ನ ಎಲೆತೋಟಕ್ಕೆ ತಿರುಗಿಸಿಕೊಳ್ಳಬೇಕು. ಆದರೆ ಊರಲ್ಲಿ ನೇಕಾರರೇ ಹೆಚ್ಚು. ನೆಟ್ಟಗೆ ಗೆರೆ ಎಳೆದರೆ ಅವನಿಗೆ ಒಂದು ಕೇರಿಯೂ ದಕ್ಕುವಂತಿರಲಿಲ್ಲ.

ಹಾಗಾಗಿ ಅವನು ಗೆರೆಯನ್ನು ಸೊಟ್ಟಗೆ ಎಳೆದ. ಅದು ಪ್ರತಿ ನೇಕಾರನ ಮನೆಯೊಳಗೂ ನುಗ್ಗಿ, ಪಡಸಾಲೆಗೂ ಅಡುಗೆಮನೆಗೂ ನಡುವೆ ಹಾದು, ಹಿತ್ತಲಿನಿಂದ ಹೊರಬೀಳುತ್ತಿತ್ತು. ಪಡಸಾಲೆಗಳೆಲ್ಲ ಮೊದಲ ನಾಲ್ಕು ಕೇರಿಗಳಲ್ಲಿ, ಅಡುಗೆಮನೆಗಳೆಲ್ಲ ಐದನೆಯದರಲ್ಲಿ. ಕೊನೆಗೊಂದು ನಿಯಮ: 'ಒಂದು ಒಲೆಗೆ ಒಂದು ಮತ. ಎಣಿಕೆಯ ದಿನ ಒಲೆ ಯಾವ ಕೇರಿಯಲ್ಲಿ ಉರಿಯುತ್ತದೋ ಮತವೂ ಆ ಕೇರಿಯದೇ.' ಹೀಗೆ ನೇಕಾರರೆಲ್ಲ ಒಂದೇ ಕೇರಿಯಲ್ಲಿ ತುಂಬಿಕೊಂಡರು. ಉಳಿದ ನಾಲ್ಕು ದುಂಡಪ್ಪನ ಜೇಬಿಗೆ.

ದೊರೆ ಮೊದಲು ಮುದ್ರೆ ಒತ್ತಿದ, ಆಮೇಲೆ ನಕ್ಷೆ ನೋಡಿದ.

"ಇದೇನಯ್ಯಾ, ನಕ್ಷೆಯೋ ಜಿಲೇಬಿಯೋ?"

"ಮುದ್ರೆ ಬಿದ್ದಾಯಿತಲ್ಲ ಸ್ವಾಮಿ," ಎಂದ ದುಂಡಪ್ಪ. ಕತ್ತೆಯ ಮಾತು ಬಂದದ್ದೂ ಆಗಲೇ.

ಓಲಗದಲ್ಲಿ ಅಡಿವೆಪ್ಪ ಎಂಬವನಿದ್ದ. ಜಾಣನೆಂದು ಹೆಸರಾದವನು. ಆ ಹೆಸರು ಹೇಗೆ ಬಂತೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂದು ತನಗೆ ತಾನೇ ಹೇಳಿಕೊಂಡ. ನಾಲಿಗೆ ಕೇಳಬೇಕಲ್ಲ!

"ಕತ್ತೆಯನ್ನು ಯಾಕೆ ಹುಡುಕುತ್ತೀರಿ ಯಜಮಾನರೇ, ನಾನಿಲ್ಲವೇ? ಹೊರೆ ಹೊತ್ತೂ ಗೊತ್ತು, ಒದೆ ತಿಂದೂ ಗೊತ್ತು."

ಓಲಗ ಗೊಳ್ಳೆಂದಿತು. ನಗು ಕೇಳಿದರೆ ಅಡಿವೆಪ್ಪನಿಗೆ ತಲೆ ನಿಲ್ಲದು. "ಈ ಗೆರೆಯನ್ನು ಕೂದಲೆಳೆಯಷ್ಟೂ ಸರಿಸದೆ ನಿಮ್ಮನ್ನು ಸೋಲಿಸುತ್ತೇನೆ, ನೋಡಿ!" ಎಂದುಬಿಟ್ಟ.

"ಸೋಲಿಸದಿದ್ದರೆ?"

"ನೀವು ಹೇಳಿದ್ದು ಮಾಡುತ್ತೇನೆ."

"ವರ್ಷವಿಡೀ ನನ್ನ ತೋಟಕ್ಕೆ ಕೊಡದಲ್ಲಿ ನೀರು ಹೊರಬೇಕು," ಎಂದ ದುಂಡಪ್ಪ. "ಆಗಲಿ," ಎಂದ ದೊರೆ.

ಅಡಿವೆಪ್ಪ ಮನೆಗೆ ಬಂದು ಪಡಸಾಲೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಅವನ ಮನೆಯೂ ನೇಕಾರರ ಸಾಲಿನಲ್ಲೇ ಇತ್ತು.

"ಏನಾಯಿತು?" ಅಡುಗೆಮನೆಯಿಂದಲೇ ಕೇಳಿದಳು ಹೆಂಡತಿ ಸಾವಂತ್ರವ್ವ.

"ಬಾಯಿ ತಪ್ಪಿ ಜಾಣನಾಗಿಬಿಟ್ಟೆ ಕಣೇ." ನಡೆದದ್ದನ್ನೆಲ್ಲ ಹೇಳಿದ. "ಈಗ ನಾನು ಕೂತಿರುವುದು ಎರಡನೇ ಕೇರಿ. ನೀನಿರುವುದು ಐದನೇ ಕೇರಿ."

"ಹಾಗಾದರೆ ಬೇರೆ ಕೇರಿಯವರಿಗೆ ನಾನು ಯಾಕೆ ರೊಟ್ಟಿ ಬಡಿಯಬೇಕು?"

"ತಮಾಷೆ ಬೇಡ. ಆ ಗೆರೆ ಸರಿಯುವುದಿಲ್ಲ."

"ಗೆರೆ ಸರಿಯದಿದ್ದರೆ ಬೇಡ. ಒಲೆಯೇನು ಬೇರು ಬಿಟ್ಟಿದೆಯಾ? ಮೂರು ಕಲ್ಲು. ಎತ್ತಿ ಪಡಸಾಲೆಗಿಟ್ಟರೆ ನಾನೂ ಎರಡನೇ ಕೇರಿಯವಳೇ."

ಅಡಿವೆಪ್ಪ ಒಳಗೆ ಹೋಗಿ ಬಗ್ಗಿ ಒಲೆಯ ಕಲ್ಲುಗಳನ್ನು ನೋಡಿದ. "ಇದು ನನಗೂ ಹೊಳೆಯುತ್ತಿತ್ತು."

"ಹೊಳೆಯುತ್ತಿತ್ತು. ತೋಟಕ್ಕೆ ಅರ್ಧ ನೀರು ಹೊತ್ತಾದ ಮೇಲೆ."

ಮಾರನೆಯ ದಿನದಿಂದ ಅಡಿವೆಪ್ಪ ನೇಕಾರರ ಮನೆಮನೆ ಸುತ್ತಿದ. ಐದನೇ ಕೇರಿಯೂ ಕೈತಪ್ಪದಂತೆ ಯಾರ ಒಲೆ ಹಿಂದೆ ಉಳಿಯಬೇಕು, ಯಾರದು ಪಡಸಾಲೆಗೆ ಬರಬೇಕು ಎಂದು ಒಬ್ಬೊಬ್ಬರಿಗೂ ಪಿಸುಗುಟ್ಟಿದ. ಒಬ್ಬ ಮುದುಕಿ, "ನಿನ್ನನ್ನು ನಂಬಿ ಒಲೆ ಎತ್ತಬೇಕಾ?" ಎಂದು ಅನುಮಾನಿಸಿದಳು. "ನನ್ನನ್ನು ನಂಬಬೇಡಿ ತಾಯಿ, ಇದು ಸಾವಂತ್ರವ್ವ ಹೇಳಿದ್ದು," ಎಂದ ಮೇಲೆಯೇ ಒಪ್ಪಿದಳು.

ಎಣಿಕೆಯ ದಿನ ಬೆಳಗಾಗುತ್ತಲೇ ಪಡಸಾಲೆಗಳಲ್ಲಿ ಹೊಗೆ ಎದ್ದಿತು. ಕೈಲಾಗದವರ ಕಲ್ಲುಗಳನ್ನು ಅಡಿವೆಪ್ಪನೇ ಹೊತ್ತ. ಹನ್ನೊಂದನೆಯ ಮನೆಗೆ ಬರುವಷ್ಟರಲ್ಲಿ ಅವನ ಬೆನ್ನು ನಕ್ಷೆಗಿಂತ ಸೊಟ್ಟಗಾಗಿತ್ತು. ದೊರೆಯ ಕರಣಿಕರು ಮನೆಮನೆಗೆ ಬಂದು, ಒಲೆ ನೋಡಿ, ಕೇರಿ ಬರೆದು, ಮತ ಪಡೆದರು.

ಸಂಜೆಗೆ ಲೆಕ್ಕ ಸಿಕ್ಕಿತು. ನಾಲ್ಕು ಕೇರಿಗಳಲ್ಲಿ ನೇಕಾರರು ಗೆದ್ದಿದ್ದರು. ದುಂಡಪ್ಪನಿಗೆ ಅವನ ನೆಂಟರೇ ತುಂಬಿದ್ದ ಒಂದು ಕೇರಿ ಮಾತ್ರ. ಕಾಲುವೆ ಉಳಿಯಿತು.

ದುಂಡಪ್ಪ ಕೆಂಡವಾಗಿ ಓಲಗಕ್ಕೆ ನುಗ್ಗಿದ. "ಮೋಸ ಸ್ವಾಮಿ! ಗೆಲ್ಲುವುದಕ್ಕೋಸ್ಕರ ಒಲೆ ಸರಿಸಿದ್ದಾರೆ!"

ಅಡಿವೆಪ್ಪ ಸೊಂಟ ಹಿಡಿದುಕೊಂಡೇ ಎದ್ದ.

"ಯಜಮಾನರೇ, ನಿಮ್ಮ ಗೆರೆ ಇದ್ದಲ್ಲೇ ಇದೆ. ನಿಮ್ಮ ನಿಯಮವೂ ಹಾಗೇ ಇದೆ. ಗೆಲ್ಲುವುದಕ್ಕೋಸ್ಕರ ಬೀದಿಯಲ್ಲಿದ್ದ ಗೆರೆ ಒಲೆಯ ತನಕ ಬರಬಹುದಾದರೆ, ಒಲೆ ಗೆರೆ ದಾಟಿ ಎರಡು ಹೆಜ್ಜೆ ಈಚೆ ಬರಬಾರದೇ?"

ದೊರೆ ಸಿಂಹಾಸನದ ಕೈ ತಟ್ಟಿ ತಟ್ಟಿ ನಕ್ಕ. ಮುಂದಿನ ಸಲದಿಂದ ಎಲ್ಲೆಗಳು ಬೀದಿಯ ನಡುವೆಯೇ ಹಾಯಬೇಕೆಂದು ಅಲ್ಲೇ ಅಪ್ಪಣೆ ಬರೆಸಿದ. ಆಮೇಲೆ ಅಡಿವೆಪ್ಪನ ಕಡೆ ತಿರುಗಿ, "ಭಲೇ! ಇಷ್ಟು ಬುದ್ಧಿ ನಿನ್ನ ತಲೆಯಲ್ಲಿತ್ತೇ?" ಎಂದ.

ಹೂಂ ಎನ್ನಲು ನಾಲಿಗೆ ಹೊರಟಿತ್ತು. ಈ ಸಲ ಅಡಿವೆಪ್ಪ ಅದನ್ನು ಕಚ್ಚಿ ಹಿಡಿದ.

"ಇಲ್ಲ ಸ್ವಾಮಿ. ಬುದ್ಧಿ ಹೆಂಡತಿಯದು, ಬೆನ್ನು ನನ್ನದು."

"ಹಾಗಾದರೆ ಬಹುಮಾನವನ್ನೂ ಹಾಗೇ ಹಂಚೋಣ," ಎಂದ ದೊರೆ. ಸಾವಂತ್ರವ್ವನಿಗೆ ಜರಿಯ ಸೀರೆ, ಜಾಣ ಅಡಿವೆಪ್ಪನಿಗೆ ಒಂದು ಗಿಂಡಿ ನೋವಿನೆಣ್ಣೆ.